ಹಂಪಿಯ ಹರಿಗೋಲು ಸವಾರಿ: ಬಂಡೆಗಳ ಮರೆಯಲ್ಲಿ ಮರಳು ಕೂಡುವುದನ್ನು ನೋಡಲು

ಹಂಪಿಯ ಚಕ್ರತೀರ್ಥದ ಬಳಿ, ಕೋದಂಡರಾಮ ದೇವಸ್ಥಾನದ ಮುಂದಿನ ದಡದಿಂದ ಹೊರಡುವ ಹರಿಗೋಲನ್ನು ನಾನು ಹತ್ತಿದ್ದು ನದಿಯ ತಳವನ್ನು ಹತ್ತಿರದಿಂದ ನೋಡುವ ಆಸೆಯಿಂದ. ನೀರು ಇಳಿದು ಬಂಡೆಗಳು ಮೇಲೆದ್ದಿರುವ ಬೇಸಿಗೆಯ ಆರಂಭವೇ ಇದಕ್ಕೆ ಸರಿಯಾದ ಕಾಲ. ಜಲಾಶಯದಿಂದ ನೀರು ಬಿಟ್ಟು ಹೊಳೆ ತುಂಬಿದಾಗ ಸವಾರಿ ನಡೆಯುವುದಿಲ್ಲ, ನಡೆಯಲೂಬಾರದು.

ತುಂಗಭದ್ರೆ ಇಲ್ಲಿ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಯನ್ನೇ ಪಾತ್ರ ಮಾಡಿಕೊಂಡು ಹರಿಯುತ್ತದೆ. ಪ್ರವಾಹಕ್ಕಿರುವ ಎಳೆದೊಯ್ಯುವ ಶಕ್ತಿ ಅದಕ್ಕೆ ಸಿಗುವ ಮರಳಿಗಿಂತ ಹೆಚ್ಚಾಗಿರುವುದರಿಂದ ಇಂಥ ನದಿಯ ತಳ ಬಹುಪಾಲು ಬೋಳಾಗಿಯೇ ಉಳಿಯುತ್ತದೆ. ನೀರಿನ ವೇಗ ಕುಗ್ಗುವ ತಾಣಗಳಲ್ಲಿ, ಅಂದರೆ ದೊಡ್ಡ ಬಂಡೆಯ ಹಿಂಬದಿ, ದಡದಂಚಿನ ಸುಳಿ, ಉರುಳುಗಲ್ಲುಗಳು ತಿರುಗಿ ತಿರುಗಿ ಕೊರೆದ ಕುಳಿ, ಪಾತ್ರ ಇದ್ದಕ್ಕಿದ್ದಂತೆ ಅಗಲವಾಗುವ ಮಡು, ಇಲ್ಲೆಲ್ಲ ಮಾತ್ರ ಮರಳು ನಿಲ್ಲುತ್ತದೆ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಬಿಸಿಲಿಗೆ ಬಿರಿದು ಪುಡಿಯಾದ ಗ್ರಾನೈಟಿನ ಗರಸನ್ನು ಹಿಡಿದಿಡಲು ಗುಡ್ಡಗಳ ಮೇಲೆ ಸಾಕಷ್ಟು ಹಸಿರಿಲ್ಲ. ಒಂದೇ ಜೋರು ಮಳೆಗೆ ಹಳ್ಳಗಳು ಅದನ್ನೆಲ್ಲ ತಂದು ಹೊಳೆಗೆ ಸುರಿಯುತ್ತವೆ, ಮಳೆ ನಿಂತೊಡನೆ ಹಳ್ಳದ ನೀರೂ ಇಳಿದುಬಿಡುವುದರಿಂದ ಗರಸು ಬಿದ್ದಲ್ಲೇ ಬಿದ್ದಿರುತ್ತದೆ.

ಇದನ್ನೆಲ್ಲ ದಡದಲ್ಲಿ ನಿಂತು ಊಹಿಸಬಹುದು, ಆದರೆ ಕಾಣುವುದು ಹರಿಗೋಲಿನಿಂದಲೇ. ಅದರ ತಳ ಚಪ್ಪಟೆಯಾಗಿದ್ದು ಮೊಣಕಾಲುದ್ದದ ನೀರಿನಲ್ಲೂ ತೇಲುವುದರಿಂದ, ಬಂಡೆಗಳ ಸಂದಿಯಲ್ಲಿ ನುಸುಳಿ ಮರಳಿನ ದಿಬ್ಬದ ಅಂಚಿಗೇ ಹೋಗಿ ನಿಲ್ಲುತ್ತದೆ. ನಮ್ಮ ಅಂಬಿಗರು ಹುಟ್ಟನ್ನು ಊರಿ ತೋರಿಸಿದರು: "ನೀರು ಸುತ್ತು ಹಾಕೋ ಕಡೆ ಮರಳು ನಿಲ್ತೈತ್ರಿ, ನೆಟ್ಟಗ ಹರಿಯೋ ಕಡೆ ಬರೇ ಕಲ್ಲು." ಬಂಡೆಗೆ ತಾಗಿಕೊಂಡಂತೆ ದಪ್ಪ ಗರಸು, ಹರಿವಿನತ್ತ ಚಾಚಿದ ದಿಬ್ಬದ ಬಾಲದ ತುದಿಯಲ್ಲಿ ನುಣ್ಣನೆಯ ಮರಳು, ಅದರ ಮೇಲೆ ತೆಳುವಾದ ಹೂಳು, ಹೂಳು ಹಿಡಿದಲ್ಲಿ ಜೊಂಡು. ಜೊಂಡು ಬೇರೂರಿದ ಮೇಲೆ ಮುಂದಿನ ಹೂಳನ್ನು ಅದೇ ತಡೆದು ನಿಲ್ಲಿಸುತ್ತದೆ. ಅಂಬಿಗರ ಈ ತಿಳಿವಳಿಕೆಯೇ ಸವಾರಿಯ ನಿಜವಾದ ಬೆಲೆ ಎಂದು ನನಗನ್ನಿಸಿತು.

ಮೇಲ್ಭಾಗದಿಂದ ಬರಬೇಕಾದ ಮರಳಿನ ಬಹುಭಾಗ ಹೊಸಪೇಟೆಯ ಅಣೆಕಟ್ಟಿನ ಹಿಂದೆಯೇ ತಂಗುತ್ತಿದೆ ಎಂಬುದನ್ನು ಇಲ್ಲಿ ನೆನೆಯಲೇಬೇಕು; 1953ರಲ್ಲಿ 133 ಟಿಎಂಸಿ ಅಡಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಆದ್ದರಿಂದ ಹಂಪಿಯ ಬಂಡೆಗಳ ಮರೆಯಲ್ಲಿರುವ ಒಂದೊಂದು ದಿಬ್ಬವೂ ನನಗೆ ಅಮೂಲ್ಯವಾಗಿ ಕಂಡಿತು.

ಕೊರತೆಗಳೂ ಇವೆ. ನಮಗೆ ಕೊಟ್ಟ ಜೀವರಕ್ಷಕ ಜಾಕೆಟ್‌ಗಳಲ್ಲಿ ಒಂದರ ಪಟ್ಟಿ ಹರಿದಿತ್ತು, ಕೇಳಿದ ಮೇಲಷ್ಟೇ ಬದಲಿಸಿದರು. ಹೆಚ್ಚಿನವರು ಬಯಸುವುದು ಹರಿಗೋಲನ್ನು ಗಿರಗಿರನೆ ತಿರುಗಿಸುವ ಆಟವನ್ನೇ ಆದ್ದರಿಂದ, ನಿಧಾನವಾಗಿ ದಿಬ್ಬಗಳ ಬದಿಯಲ್ಲಿ ಸಾಗಬೇಕೆಂದೂ ಎಷ್ಟು ಹೊತ್ತು, ಎಷ್ಟು ಹಣ ಎಂದೂ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುವಾಗ ಮರಳಿನ ಮೇಲಿನ ಅಲೆಯ ಗೆರೆಗಳು ಚೆನ್ನಾಗಿ ಕಾಣುತ್ತವೆ. ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಕಾವು ತಡೆಯಲಾಗುವುದಿಲ್ಲ.