ಗಾಲ್ಫ್ ಸ್ವಿಂಗ್ ತಿದ್ದಿಸಿಕೊಳ್ಳಲು ಮುಂಗಡ ಹಣ ಕೊಡುವ ಮುನ್ನ: ಪುಣೆಯಲ್ಲಿ ನನಗಾದ ಅನುಭವ

ಮೊಬೈಲ್ ವಿಡಿಯೊ ನೋಡಿ ಗಾಲ್ಫ್ ಸ್ವಿಂಗನ್ನು, ಅಂದರೆ ಕ್ಲಬ್ (ಚೆಂಡು ಹೊಡೆಯುವ ಕೋಲು) ಬೀಸುವ ಬಗೆಯನ್ನು, ತಿದ್ದಿಕೊಡುತ್ತೇನೆಂದು ಮುಂಗಡ ಹಣ ಪಡೆಯುವವರು ಪುಣೆಯ ಅಭ್ಯಾಸ ಮೈದಾನಗಳ ಸುತ್ತ ಕಾಣಿಸಿಕೊಂಡಿದ್ದಾರೆ. ಅಂಥವರೊಬ್ಬರಿಂದ ನನಗಾದ ನಷ್ಟವನ್ನೂ, ಅದಕ್ಕಿಂತ ಮುಖ್ಯವಾಗಿ ಅವರು ‘ಸುಧಾರಣೆ’ಯನ್ನು ತೋರಿಸಿದ ಬಗೆಯನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಹಿಂಜವಡಿ, ಬಾಣೇರ್ ಕಡೆಯ ನಮ್ಮ ಕನ್ನಡಿಗರಲ್ಲಿ ಹಲವರು ಈಚೆಗೆ ಈ ಆಟವನ್ನು ಕಲಿಯಲು ಹೊರಟಿರುವುದರಿಂದ ಇದು ಅವರಿಗೆ ತಿಳಿದಿರಲಿ.

ನನ್ನ ತೊಂದರೆ ಬಹುಪಾಲು ಹೊಸ ಆಟಗಾರರದ್ದೇ ಆಗಿತ್ತು. ಡ್ರೈವರ್ ಎಂಬ, ದೂರಕ್ಕೆ ಹೊಡೆಯುವ ಕ್ಲಬ್ಬಿನಿಂದ ಹೊಡೆದ ಚೆಂಡು ನೇರವಾಗಿ ಹೊರಟಂತೆ ಕಂಡರೂ ಅರ್ಧ ದಾರಿಯಲ್ಲಿ ಬಲಕ್ಕೆ ಬಾಗಿ ಹೋಗುತ್ತಿತ್ತು. ಇದನ್ನೇ ಸ್ಲೈಸ್ ಎನ್ನುತ್ತಾರೆ. ಸ್ಪರ್ಧೆಯ ಸುತ್ತಿನಲ್ಲಿ ತನ್ನ ಕ್ಯಾಡಿಯನ್ನು (ಕ್ಲಬ್ಬುಗಳ ಚೀಲ ಹೊರುವ ಸಹಾಯಕನನ್ನು) ಬಿಟ್ಟು ಬೇರೆಯವರಲ್ಲಿ ಸಲಹೆ ಕೇಳಿದರೆ, ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಆಟದಲ್ಲಿ 2 ಹೊಡೆತಗಳ ದಂಡ ಬೀಳುತ್ತದೆ. ಅಭ್ಯಾಸದ ರೇಂಜ್‌ನಲ್ಲಿ ಆ ಕಟ್ಟುಪಾಡಿಲ್ಲವಾದ್ದರಿಂದ ಅಲ್ಲಿ ಪಕ್ಕದ ಮ್ಯಾಟ್‌ನವರೆಲ್ಲ ಗುರುಗಳೇ. ಒಬ್ಬರು ತಲೆ ಎತ್ತಬೇಡಿ ಎಂದರೆ, ಇನ್ನೊಬ್ಬರು ಬಲಕ್ಕೆ ಹೋಗುವ ಚೆಂಡಿಗೆ ಎಡಕ್ಕೆ ಗುರಿಯಿಟ್ಟು ನಿಲ್ಲಿ ಎನ್ನುತ್ತಿದ್ದರು. ಈ ಎರಡನೆಯ ಸಲಹೆ ಸಹಜವೆಂದು ತೋರಿದರೂ ಹಾನಿಯೇ ಹೆಚ್ಚು. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ (ಚೆಂಡಿಗೆ ತಾಗುವ ಬದಿ) ಎತ್ತ ತಿರುಗಿದೆ ಎಂಬುದೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಅದು ಎಷ್ಟು ಬಾಗುತ್ತದೆ ಎಂಬುದು ಆ ಮುಖಕ್ಕೂ ಕ್ಲಬ್ ಬೀಸಿ ಬಂದ ದಾರಿಗೂ ನಡುವಿನ ಕೋನವನ್ನು ಅವಲಂಬಿಸಿರುತ್ತದೆ. ಎಡಕ್ಕೆ ತಿರುಗಿ ನಿಂತವರ ಬೀಸು ಇನ್ನಷ್ಟು ಎಡಕ್ಕೆ ಎಳೆಯುತ್ತದೆ, ಮುಖ ಮಾತ್ರ ಗುರಿಯತ್ತಲೇ ಉಳಿಯುತ್ತದೆ, ಹೀಗಾಗಿ ಬಾಗು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆದರೂ ಪುಕ್ಕಟೆ ಸಲಹೆ ಕೊಟ್ಟವರ ಬಗ್ಗೆ ನನಗೆ ದೂರಿಲ್ಲ. ಅವರು ಪ್ರೀತಿಯಿಂದ ಹೇಳಿದ್ದರು.

ನನ್ನ ದೂರು ಇರುವುದು ಈ ಗೊಂದಲವನ್ನು ದೂರದಿಂದ ಗಮನಿಸಿ, ತಾವು ‘ಸ್ವಿಂಗ್ ವಿಶ್ಲೇಷಕ’ರೆಂದು ಪರಿಚಯಿಸಿಕೊಂಡು ಬಂದ ವ್ಯಕ್ತಿಯ ಬಗ್ಗೆ. ಮೊದಲ ದಿನವೇ ನನ್ನ ಹಿಂದೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡ ಅವರು, ಸಂಜೆಗೆ ಕೆಂಪು, ಹಸಿರು ಗೆರೆಗಳನ್ನು ಎಳೆದ ವಿಡಿಯೊ ಕಳುಹಿಸಿದರು. ಕ್ಲಬ್ ಹೊರಗಿನಿಂದ (ಚೆಂಡಿನ ಆಚೆ ಬದಿಯಿಂದ) ಒಳಕ್ಕೆ (ನನ್ನ ಕಡೆಗೆ) ಕತ್ತರಿಸಿಕೊಂಡು ಬರುತ್ತಿದೆ ಎಂಬ ಅವರ ಮಾತು ಸರಿಯಾಗಿಯೇ ಇತ್ತು. ಮೂರು ತಿಂಗಳ ಪ್ಯಾಕೇಜಿನ ಪೂರ್ತಿ ಹಣವನ್ನು ಮೊದಲೇ ಕೊಡಬೇಕೆಂಬುದು ಅವರ ಷರತ್ತಾಗಿತ್ತು.

ಮೊಬೈಲ್ ವಿಡಿಯೊದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೇಲಿನಿಂದ ಚೆಂಡಿನವರೆಗೆ ಕ್ಲಬ್ ಇಳಿದು ಬರಲು ಸುಮಾರು ಕಾಲು ಸೆಕೆಂಡ್ ಸಾಕು. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊದಲ್ಲಿ ಆ ಇಡೀ ಇಳಿತಕ್ಕೆ ಸಿಗುವುದು ಏಳೆಂಟು ಚಿತ್ರಗಳು. ಹವ್ಯಾಸಿ ಆಟಗಾರನ ಡ್ರೈವರ್ ಚೆಂಡಿನ ಬಳಿ ಬರುವ ಹೊತ್ತಿಗೆ ಸೆಕೆಂಡಿಗೆ 40 ಮೀಟರಿನಷ್ಟು ವೇಗದಲ್ಲಿ ಇರಬಹುದಾದ್ದರಿಂದ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು ಒಂದು ಮೀಟರಿಗಿಂತ ಹೆಚ್ಚು ದೂರ ಸಾಗಿಬಿಟ್ಟಿರುತ್ತದೆ. 240 ಚಿತ್ರಗಳ ಸ್ಲೋ ಮೋಷನ್ ಇದಕ್ಕಿಂತ ಎಷ್ಟೋ ಮೇಲು. ಆದರೆ ಕ್ಲಬ್ಬೂ ಚೆಂಡೂ ಕೂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಆ ಕ್ಷಣದಲ್ಲಿ ಮುಖ ಎರಡು ಮೂರು ಡಿಗ್ರಿ ತೆರೆದಿತ್ತೇ (ಬಲಕ್ಕೆ ತಿರುಗಿತ್ತೇ) ಇಲ್ಲವೇ ಎಂಬುದನ್ನು ಅದೂ ಹೇಳಲಾರದು. ಅದನ್ನು ಹೇಳುವುದು ರಡಾರ್ ಅಥವಾ ವಿಶೇಷ ಕ್ಯಾಮೆರಾ ಇರುವ ಲಾಂಚ್ ಮಾನಿಟರ್ ಎಂಬ ಅಳತೆಯ ಯಂತ್ರ, ಅದಿಲ್ಲದಿದ್ದರೆ ಚೆಂಡಿನ ಹಾರಾಟವೇ. ನನ್ನ ವಿಶ್ಲೇಷಕರ ಯಾವ ವಿಡಿಯೊದಲ್ಲಿಯೂ ಚೆಂಡಿನ ಹಾರಾಟವೇ ಇರಲಿಲ್ಲ. ತಾಗಿದ ಮರುಕ್ಷಣಕ್ಕೆ ಚಿತ್ರ ನಿಂತುಹೋಗುತ್ತಿತ್ತು.

ಕೆಲವು ವಾರಗಳ ನಂತರ ‘ಮೊದಲು’ ಮತ್ತು ‘ಈಗ’ ಎಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಜೋಡಿಸಿ ಕಳುಹಿಸಿದರು. ಮೊದಲನೆಯದರಲ್ಲಿ ಕ್ಲಬ್ ಹಸಿರು ಗೆರೆಯ ಹೊರಗಿತ್ತು, ಎರಡನೆಯದರಲ್ಲಿ ಅಚ್ಚುಕಟ್ಟಾಗಿ ಒಳಗೆ ಬಂದಿತ್ತು. ರೇಂಜ್‌ನಲ್ಲಿ ಮಾತ್ರ ಚೆಂಡು ಎಂದಿನಂತೆ ಬಲಕ್ಕೇ ಹೋಗುತ್ತಿತ್ತು. ಎರಡು ಚಿತ್ರಗಳನ್ನು ಹಿಗ್ಗಿಸಿ ನೋಡಿದಾಗ ಕಾರಣ ಹೊಳೆಯಿತು. ನಾನು ನಿಂತಿದ್ದ ಮ್ಯಾಟ್ ಒಂದೇ. ಆದರೆ ಮೊದಲ ಚಿತ್ರದಲ್ಲಿ ದೂರದ 100 ಗಜದ ಫಲಕ ನನ್ನ ಬೆನ್ನಿನ ಎಡಬದಿಗೆ ಕಾಣುತ್ತಿತ್ತು, ಎರಡನೆಯದರಲ್ಲಿ ಅದೇ ಫಲಕ ಚೆಂಡಿನ ಬಲಬದಿಗೆ ಬಂದಿತ್ತು. ಅಂದರೆ ಮೊದಲ ಸಲ ಕ್ಯಾಮೆರಾವನ್ನು ನನ್ನ ಹಿಮ್ಮಡಿಯ ಕಡೆಗೆ ಹಿಡಿದಿದ್ದರು, ಎರಡನೆಯ ಸಲ ಚೆಂಡಿನ ಕಡೆಗೆ ಸರಿಸಿದ್ದರು. ಬಲಗೈ ಆಟಗಾರನ ಹಿಂದೆ ಕ್ಯಾಮೆರಾ ಬಲಕ್ಕೆ ಸರಿದಷ್ಟೂ, ಅದಕ್ಕೆ ಹತ್ತಿರವಿರುವ ಕ್ಲಬ್ಬಿನ ತಲೆ ಚಿತ್ರದಲ್ಲಿ ಎಡಕ್ಕೆ, ಅಂದರೆ ಒಳಕ್ಕೆ ಬಂದಂತೆ ಕಾಣುತ್ತದೆ. ಬೀಸು ಕೂದಲೆಳೆಯಷ್ಟೂ ಬದಲಾಗದೆ ದೋಷ ಮಾಯವಾದಂತೆ ತೋರಿಸಲು ಇಷ್ಟೇ ಸಾಕು. ಇದು ಕೈತಪ್ಪಿನಿಂದ ಆದದ್ದಿರಬಹುದೇ ಎಂದು ಯೋಚಿಸಿ, ಅದೇ ರೇಂಜ್‌ಗೆ ಬರುವ ಬೇರೆಯವರ ಜೋಡಿ ಚಿತ್ರಗಳನ್ನೂ ಕೇಳಿ ನೋಡಿದೆ. ನೋಡಿದ ಎಲ್ಲವುಗಳಲ್ಲಿಯೂ ಕ್ಯಾಮೆರಾ ಅದೇ ದಿಕ್ಕಿಗೆ ಸರಿದಿತ್ತು.

ಚೆಂಡು ಇನ್ನೂ ಬಾಗುತ್ತಿದೆ ಎಂದು ಕೇಳಿದಾಗ ಅವರು ದೋಷವನ್ನು ನನ್ನ ಕ್ಲಬ್ಬುಗಳ ಮೇಲೆ ಹಾಕಿ, ತಮ್ಮಲ್ಲಿದ್ದ ಹಳೆಯ ಸೆಟ್ ಒಂದನ್ನು ಕೊಳ್ಳುವಂತೆ ಒತ್ತಾಯಿಸಿದರು. ಅದನ್ನು ನಾನು ಕೊಳ್ಳಲಿಲ್ಲ. ಆದರೆ ಗ್ರಿಪ್ ಬಿಗಿಯಾಗಿ ಹಿಡಿದು ದಿನವೂ ಬುಟ್ಟಿಗಟ್ಟಲೆ ಚೆಂಡು ಹೊಡೆಯಬೇಕೆಂಬ ಅವರ ಪಾಠದ ಪರಿಣಾಮ ಬಲ ಮೊಣಕೈಯ ಒಳಬದಿಯಲ್ಲಿ ನೋವಾಗಿ ಕಾಣಿಸಿಕೊಂಡಿತು. ವೈದ್ಯರು ಅದನ್ನು ಗಾಲ್ಫರ್ಸ್ ಎಲ್ಬೋ ಎಂದರು. ಹುಲ್ಲಿನ ಮೇಲೆ ಚೆಂಡಿನ ಹಿಂದಕ್ಕೆ ಹೊಡೆತ ಬಿದ್ದರೆ ಮಣ್ಣು ಕಿತ್ತು ಬಂದು ತಪ್ಪು ತಕ್ಷಣ ಗೊತ್ತಾಗುತ್ತದೆ. ಗಟ್ಟಿ ನೆಲದ ಮೇಲೆ ಹಾಸಿದ ಮ್ಯಾಟ್‌ನಲ್ಲಿ ಕ್ಲಬ್ ಜಾರಿ ಚೆಂಡಿಗೆ ತಾಗುತ್ತದೆ, ತಪ್ಪು ಮುಚ್ಚಿಹೋಗುತ್ತದೆ, ಪೆಟ್ಟು ಮಾತ್ರ ಮಣಿಕಟ್ಟಿಗೂ ಮೊಣಕೈಗೂ ಏರುತ್ತದೆ.

ಇದನ್ನೆಲ್ಲ ಕೇಳಿದ ಧಾರವಾಡದ ಹಿರಿಯರೊಬ್ಬರು, ಯೆರವಡೆಯ ಗಾಲ್ಫ್ ಮೈದಾನದಲ್ಲಿ ಬಹುಕಾಲದಿಂದ ಆಡುತ್ತಿರುವವರು, ಕೇಳಿದ್ದು ಒಂದೇ ಪ್ರಶ್ನೆ: “ತಮ್ಮಾ, ನಿನ್ನ ಚೆಂಡು ಎಲ್ಲಿಗೆ ಹೋತು ಅಂತ ಅವಾ ಒಮ್ಮೆರೆ ಕೇಳ್ಯಾನೇನು?” ಕೇಳಿರಲಿಲ್ಲ. ಆ ಹಿರಿಯರೇ ತೋರಿಸಿಕೊಟ್ಟ ಪ್ರೋ (ವೃತ್ತಿಪರ ತರಬೇತುದಾರ) ಒಬ್ಬರು ಮೊದಲು ಗೆರೆ ಎಳೆಯಲಿಲ್ಲ. ಹತ್ತಿಪ್ಪತ್ತು ಹೊಡೆತಗಳ ಹಾರಾಟವನ್ನು ಸುಮ್ಮನೆ ನೋಡಿ, ಎಡಗೈಯನ್ನು ಹಿಡಿಕೆಯ ಮೇಲೆ ಸ್ವಲ್ಪ ಬಲಕ್ಕೆ ತಿರುಗಿಸಿ ಹಿಡಿಸಿದರು. ಸ್ಲೈಸ್ ಪೂರ್ತಿ ಹೋಗಿಲ್ಲ, ಆದರೆ ಚೆಂಡು ಈಗ ಪಕ್ಕದ ಫೇರ್‌ವೇಗೆ (ಆಟದ ಹುಲ್ಲುಹಾದಿಗೆ) ಹೋಗುವುದಿಲ್ಲ.

ಆದ್ದರಿಂದ ಯಾರಿಗಾದರೂ ವಿಡಿಯೊ ತೋರಿಸಿ ಸಲಹೆ ಪಡೆಯುವುದಿದ್ದರೆ ಮೊಬೈಲನ್ನು ಟ್ರೈಪಾಡ್ ಮೇಲೆ, ನಿಮ್ಮ ಕೈಗಳ ಎತ್ತರಕ್ಕೆ, ಕೈಗಳ ನೇರಕ್ಕೆ ಹಿಂದೆ ಇರಿಸಿ, ಆ ಜಾಗಕ್ಕೆ ಗುರುತು ಮಾಡಿಕೊಂಡು ಪ್ರತಿಸಲವೂ ಅಲ್ಲಿಂದಲೇ ತೆಗೆಯಿರಿ. ಎದುರಿನಿಂದಲೂ ಒಂದನ್ನು ತೆಗೆದು, ಚೆಂಡು ಎತ್ತ ಹೊರಟು ಎತ್ತ ಬಾಗಿತು ಎಂಬುದನ್ನು ಬರೆದು ಕಳುಹಿಸಿ. ಹಣವನ್ನು ಪಾಠದಿಂದ ಪಾಠಕ್ಕೆ ಕೊಡಿ.

ಮುಂಗಡ ಕೊಟ್ಟಿದ್ದರಲ್ಲಿ ಉಳಿದ ಹಣವನ್ನು ವಾಪಸ್ ಕೇಳಿದ ಮೇಲೆ ಆ ವಿಶ್ಲೇಷಕರು ನನ್ನ ಕರೆ ತೆಗೆಯುತ್ತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಇದೇ ರೀತಿ ಹಣ ಕೊಟ್ಟವರು ಪಾವತಿಯ ಸಂದೇಶಗಳನ್ನೂ ಅವರು ಕಳುಹಿಸಿದ ಜೋಡಿ ಚಿತ್ರಗಳನ್ನೂ ಅಳಿಸದೆ ಇಟ್ಟುಕೊಳ್ಳಿ, ಮತ್ತು ಆ ಚಿತ್ರಗಳಲ್ಲಿ ನಿಮ್ಮನ್ನು ಬಿಟ್ಟು ಹಿಂದಿರುವ ಫಲಕ, ಕಂಬಗಳನ್ನು ಒಮ್ಮೆ ಹೋಲಿಸಿ ನೋಡಿ.