ಲ್ಯಾಬ್ ಮರಿ ಸಿಕ್ಕಿತು, ಅದರ ಅಮ್ಮನನ್ನು ಮಾತ್ರ ತೋರಿಸಲಿಲ್ಲ

ನಾಯಿಮರಿ ಮಾರುವ ಅಂಗಡಿ, ಹೆಸರು ಬೇಡ, ನಮ್ಮ ಏರಿಯಾದ್ದೇ. ನೋಡೋಕೆ ಚೆನ್ನಾಗಿದೆ. ಎಸಿ, ಗಾಜಿನ ಬಾಗಿಲು, ಮೂಗಿಗೆ ಹೊಡೆಯುವ ಫಿನಾಯಿಲ್. ಮಗಳು ಬೆರಳು ತೋರಿಸಿದ ಲ್ಯಾಬ್ರಡಾರ್ ಮರಿಗೆ 14 ಸಾವಿರ ಹೇಳಿ 11ಕ್ಕೆ ಇಳಿದರು, ಪೇಪರ್, ಅಂದ್ರೆ ತಳಿಯ ದಾಖಲೆ, ಬೇಕಂದ್ರೆ ಮೇಲೆ 8 ಸಾವಿರ. ಅದೇ ಮರಿ, ಪೇಪರ್‌ಗೆ ಬೇರೆ ರೇಟು! ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಇದರ ಅಮ್ಮನನ್ನು ನೋಡಬಹುದಾ ಅಂತ ಕೇಳಿದೆ. "ಫಾರ್ಮ್‌ನಲ್ಲಿದೆ ಸರ್." ಯಾವ ಫಾರ್ಮ್ ಅಂದರೆ ಬೆಲ್ಟು, ಬಟ್ಟಲು ತೋರಿಸೋಕೆ ಶುರು ಮಾಡಿದರು.

60 ದಿನದ ಮರಿ ಅಂದಿದ್ದರು. ಕೆಂಚ ಅಂತ ಹೆಸರಿಟ್ಟೆವು. ಮನೆಗೆ ತಂದ ಮೂರನೇ ದಿನ ಕೆಂಚ ಊಟ ಬಿಟ್ಟ, ವಾಂತಿ ಮಾಡಿದ, ರಾತ್ರಿ ರಕ್ತಭೇದಿ. ಪಾರ್ವೋ, ಮರಿಗಳ ಜೀವ ತೆಗೆಯಬಲ್ಲ ವೈರಸ್ ಕಾಯಿಲೆ. ಡಾಕ್ಟರು ತುಟಿ ಎತ್ತಿ ನೋಡಿ "ದವಡೆ ಹಲ್ಲೇ ಪೂರ್ತಿ ಬಂದಿಲ್ಲ, ಐದು ವಾರ ಆಗಿದ್ದರೆ ಹೆಚ್ಚು" ಅಂದರು. ಲಸಿಕೆ ಪುಸ್ತಕದಲ್ಲಿ ಪೆನ್ನಲ್ಲಿ ಗೀಚಿದ ತಾರೀಕು ಬಿಟ್ಟರೆ ಬಾಟಲಿಯ ಸ್ಟಿಕ್ಕರೂ ಇಲ್ಲ, ಡಾಕ್ಟರ್ ಸಹಿಯೂ ಇಲ್ಲ. ಅದನ್ನು ನಾನು ದುಡ್ಡು ಕೊಡುವ ಮೊದಲೇ ನೋಡಬೇಕಿತ್ತು.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮದಲ್ಲೇ ಇದೆ. ಮೈಕ್ರೋಚಿಪ್ ಇರಬೇಕು, ವಯಸ್ಸಿಗೆ ತಕ್ಕ ಲಸಿಕೆ ಹಾಕಿಸಿರಬೇಕು. ತಾಯಿ ನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವನದಲ್ಲಿ ಐದೇ. 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗದೆ ಅಂಗಡಿ ನಡೆಸುವ ಹಾಗೇ ಇಲ್ಲ. ಇವೆಲ್ಲ ನನಗೆ ಗೊತ್ತಾಗಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಕೆಂಚನಿಗೆ ಡ್ರಿಪ್ ಹೋಗುತ್ತಿದ್ದಾಗ. ಐದು ದಿನ ಹಾಗೇ. ಬಿಲ್ಲು ಮರಿಯ ರೇಟನ್ನೂ ದಾಟಿತು.

ಅಂಗಡಿಗೆ ಫೋನ್ ಮಾಡಿದೆ. "ಹೋದರೆ ಹೇಳಿ ಸರ್, ಬೇರೆ ಮರಿ ಕೊಡ್ತೀವಿ" ಅಂದರು, ಮಿಕ್ಸಿ ಜಾರ್ ಬದಲಾಯಿಸಿ ಕೊಡುವ ಹಾಗೆ. ಪುಣ್ಯಕ್ಕೆ ಕೆಂಚ ಬದುಕಿದ.

"ಹೋಗಲಿ ಬಿಡಿ, ಆ ಗೂಡಿನಿಂದ ಒಂದನ್ನಾದರೂ ಬಿಡಿಸಿದೆವಲ್ಲ" ಅಂದಳು ಹೆಂಡತಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಜಗಳ ಆಡೋಕೆ ಅಂತ ಹೋದಾಗ ಅದೇ ಗೂಡಿನಲ್ಲಿ, ಅದೇ ಬಣ್ಣದ, ಇನ್ನೂ ಚಿಕ್ಕ ಮರಿ ಕೂತಿತ್ತು. ಅದನ್ನು ತರಿಸಿದ್ದು ನನ್ನ 11 ಸಾವಿರವೇ. ಎಲ್ಲೋ ಕಟ್ಟಿಹಾಕಿರುವ ಆ ತಾಯಿಗೆ ಇದು ಎಷ್ಟನೇ ಸೂಲೋ.

ಮರಿ ಬೇಕು ಅನ್ನುವವರು ನಮ್ಮ ಬೀದಿಗೆ ಬನ್ನಿ. ಮೂಲೆಮನೆ ಮುಂದೆ ಬೀದಿನಾಯಿ ನಾಲ್ಕು ಹಾಕಿದೆ, ಎರಡಕ್ಕೆ ಇನ್ನೂ ಮನೆ ಸಿಕ್ಕಿಲ್ಲ. ದುಡ್ಡು ಬೇಡ. ಅಮ್ಮ ಅಲ್ಲೇ ಕಾರಿನ ಕೆಳಗೆ ಇರುತ್ತೆ, ಸ್ವಲ್ಪ ಗುರ್ ಅನ್ನುತ್ತೆ, ಬಿಸ್ಕತ್ ತನ್ನಿ.