ರಾಗಿಹೊಸಳ್ಳಿ ದಾಟಿ ಸಿಗುವ ಬೋರ್ಡಿಲ್ಲದ ಹೋಟೆಲು: 5ಕ್ಕೆ 4

ಶಿರಸಿಯಿಂದ ಕುಮಟೆಗೆ ಹೋಗುವಾಗ ರಾಗಿಹೊಸಳ್ಳಿ ದಾಟಿ, ದೇವಿಮನೆ ಘಟ್ಟ ಇಳಿಯುವ ಮುಂಚೆ ಎಡಕ್ಕೊಂದು ತಗಡಿನ ಮಾಡು. ನಾಲ್ಕು ಬೆಂಚು, ಒಂದು ಒಲೆ, ಗಂಡ-ಹೆಂಡತಿ ಇಬ್ಬರೇ. ತೆಳ್ಳೇವು (ತೆಳ್ಳಗಿನ ದೋಸೆ) ಚೊಲೋ, ಜೋನಿಬೆಲ್ಲದ ಮೇಲೆ ತುಪ್ಪವನ್ನು ಕೇಳದೆಯೇ ಹಾಕುತ್ತಾರೆ. ಕಷಾಯವೂ ಘಮಘಮ. ಬನ್ಸ್ ಮಾತ್ರ ನಿನ್ನೆಯದ್ದು. ಒಂದು ಸ್ಟಾರ್ ಹೋದದ್ದು ಅದಕ್ಕೇ. ಉಳಿದ ನಾಲ್ಕರಲ್ಲಿ ಮೂರು, ನಮ್ಮನ್ನು ಮುಕ್ಕಾಲು ತಾಸು ಹೊರಡಗೊಡದೆ ಕೂರಿಸಿದ್ದಕ್ಕೆ.

ಶ್ರಾವಣದ ಬೆಳಿಗ್ಗೆ. ಕುಮಟೆಯಲ್ಲಿ ತಂಗಿಯ ಮನೆ ಒಕ್ಕಲು, 9:40ಕ್ಕೆ ಮುಹೂರ್ತ. ಕಾರು ಸೋದರಳಿಯನ ಕೈಯಲ್ಲಿ. ಘಟ್ಟದ ತಲೆಯಲ್ಲಿ ನಮ್ಮದೇ ಬಾನೆಟ್ಟಿನ ತುದಿ ಹುಡುಕಬೇಕಾದಂಥ ಮಂಜು. ಕಷಾಯ ಕುಡಿಯುತ್ತಿರುವಾಗ ಬಸ್ಸೊಂದು ಹಾರ್ನ್ ಹೊಡೆಯುತ್ತ ಇಳಿದುಹೋಯಿತು. "ಬಸ್ಸೇ ಹೋತು ಮಾವಾ, ಹೋಪನ" ಎಂದು ಅವ ಎದ್ದೇಬಿಟ್ಟ.

ನಾನು ವಾಯುಪಡೆಯ ಹವಾಮಾನ ವಿಭಾಗದಲ್ಲಿ 20 ವರ್ಷ ಇದ್ದವ. ಉತ್ತರದ ನೆಲೆಗಳಲ್ಲಿ ಚಳಿಗಾಲದ ಬೆಳಿಗ್ಗೆ ನೀರಿನ ಟ್ಯಾಂಕು ಕಂಡಿತೇ, ಅದರಾಚೆಯ ಮರ ಕಂಡಿತೇ ಎಂದು ನೋಡಿ ಇಷ್ಟು ಮೀಟರ್ ಅಂತ ಬರೆಯುವುದೇ ಕೆಲಸ. ಮುಂದಿನವ ಹೋದ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ರಷ್ಯದ ಸ್ಮೊಲೆನ್ಸ್ಕ್‌ನ ವಿಮಾನ ದುರಂತ ನೆನಪಾಗುತ್ತದೆ.

2010ರ ಏಪ್ರಿಲ್ 10. ಪೋಲೆಂಡ್ ವಾಯುಪಡೆಯ ಟಿಯು-154ಎಂ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿದ್ದಾರಲ್ಲ ಟುಪೊಲೆವ್, ಅದೇ ಮನೆತನದ್ದು. ಅಧ್ಯಕ್ಷ ಲೆಖ್ ಕಚಿನ್ಸ್ಕಿ, ಅವರ ಹೆಂಡತಿ, ಸೇನಾ ಮುಖ್ಯಸ್ಥರು ಸೇರಿ 96 ಜನ. ಸೋವಿಯತ್ತಿನವರು ಪೋಲೆಂಡಿನ ಸೇನಾಧಿಕಾರಿಗಳನ್ನು ಕೊಂದ ಕಟಿನ್ ಹತ್ಯಾಕಾಂಡದ 70ನೇ ವರ್ಷದ ಸ್ಮರಣೆಗೆ ಹೊರಟವರು, ಹೊರಟದ್ದೇ ತಡವಾಗಿ. ರಷ್ಯದ ಆ ಹಳೆಯ ಸೇನಾ ನಿಲ್ದಾಣದಲ್ಲಿ, ಮಂಜಿನಲ್ಲೂ ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್ ವ್ಯವಸ್ಥೆ ಇರಲಿಲ್ಲ. ಇಳಿಯಲು 1000 ಮೀಟರ್ ಕಾಣಬೇಕು. ಕಾಣುತ್ತಿರುವುದು 400, ಇಳಿಯುವ ಸ್ಥಿತಿಯಿಲ್ಲ ಎಂದು ಟವರಿನವರು ಹೇಳಿದ್ದರು. ಆದರೆ ಪೋಲೆಂಡಿನದೇ ವಾಯುಪಡೆಯ ಇನ್ನೊಂದು ವಿಮಾನ, ಯಾಕ್-40, ಅದಾಗಲೇ ಇಳಿದು ನಿಂತಿತ್ತು. ಅದರ ಪೈಲಟ್‌ಗಳು ರೇಡಿಯೊದಲ್ಲಿ, ಬಹಳ ಕೆಟ್ಟದಿದೆ, ಆದರೂ ಒಂದು ಕೈ ನೋಡಬಹುದು ಅಂದರು. ರಷ್ಯದ ಐಎಲ್-76 ಎರಡು ಸಲ ನೋಡಿ ವಾಪಸಾಗಿತ್ತು. ಲೆಕ್ಕಕ್ಕೆ ಬಂದದ್ದು ಇಳಿದ ವಿಮಾನ. ನಮ್ಮ ಬಸ್ಸಿನ ಹಾಗೆ.

ರನ್‌ವೇಗೆ ಮುಂಚೆ ತಗ್ಗಿತ್ತು. ಎತ್ತರ ತೋರಿಸುವ ರೇಡಿಯೊ ಆಲ್ಟಿಮೀಟರ್ ಅಳೆಯುವುದು ಕೆಳಗಿನ ನೆಲದಿಂದ. ತಗ್ಗಿನ ಮೇಲೆ 100 ಎಂದು ಓದುವಾಗ ರನ್‌ವೇಯ ಲೆಕ್ಕದಲ್ಲಿ ವಿಮಾನ ಅದಕ್ಕಿಂತ ಎಷ್ಟೋ ಕೆಳಗಿತ್ತು. 100 ಮೀಟರಿಗೆ ರನ್‌ವೇ ಕಾಣದಿದ್ದರೆ ಮೇಲೇರಬೇಕು, ಏರಲಿಲ್ಲ. ಅತ್ತ ನೆಲ ಏರುತ್ತ ಬಂತು. ಬರ್ಚ್ ಮರವೊಂದು ಎಡ ರೆಕ್ಕೆಯ ತುದಿ ಕಿತ್ತಿತು, ವಿಮಾನ ಮಗುಚಿ ಬಿತ್ತು. ಒಬ್ಬರೂ ಉಳಿಯಲಿಲ್ಲ. ಟವರಿನವರ ತಪ್ಪೆಷ್ಟು ಎಂಬಲ್ಲಿ 2011ರ ರಷ್ಯದ ವರದಿಗೂ ಪೋಲೆಂಡಿನ ವರದಿಗೂ ಹೊಂದುವುದಿಲ್ಲ. ಮಿತಿ ಮೀರಿ ಇಳಿದರು ಎಂಬಲ್ಲಿ ಎರಡೂ ಒಂದೇ.

ಇಷ್ಟನ್ನು ಅಳಿಯನಿಗೆ ಹೇಳಲು ಹೊರಟರೆ ಕೇಳುವ ತಾಳ್ಮೆ ಅವನಿಗೆಲ್ಲಿ. ಹೋಟೆಲಿನ ಅಕ್ಕ ಒಲೆಯ ಮುಂದಿಂದಲೇ ಅಂದರು, "ಕೂತ್ಗಳಿ ಹೆಗಡೇರೆ, ಆ ಹಲಸಿನ ಮರ ಕಂಡ್ಮೇಲೆ ಹೋಗ್ಲಕ್ಕು."

ರಸ್ತೆಯಾಚೆ ಹಲಸಿನ ಮರವಿದೆ ಅಂತಲೇ ನಮಗೆ ಗೊತ್ತಿರಲಿಲ್ಲ! ಸರ್ಕಾರದ ಸಂಬಳ ತಿಂದು ನಾನು ಮಾಡಿದ ಕೆಲಸವನ್ನು ಇವರು ತೆಳ್ಳೇವು ಎಬ್ಬುತ್ತ ಮಾಡುತ್ತಾರೆ. ಅಳಿಯನ ಮುಂದೆ ಇನ್ನೊಂದು ಬಿತ್ತು, ಅವನೂ ಕೂತ. ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಅಲ್ಲಿ ಕೊಡೆ ಹಿಡಿದು ನಿಂತು, ನಮ್ಮನ್ನು ಕಾಯಬೇಡಿ ಎಂದು ತಂಗಿಗೆ ಹೇಳಿದೆ. ಬೈದಳು.

ಮರದ ಬುಡ ಮೊದಲು ಕಂಡಿತು, ಆಮೇಲೆ ಅದಕ್ಕೆ ಒರಗಿಸಿದ್ದ ಏಣಿ. ದುಡ್ಡು ಕೊಡುವಾಗ ವಾರದ ರಜೆ ಯಾವತ್ತು ಎಂದು ಕೇಳಿದೆ. ಕೇಳಲು ಕಾರಣವಿದೆ: ಆ ಪೋಲೆಂಡಿನವರು ಪರ್ಯಾಯವೆಂದು ಬರೆದುಕೊಂಡಿದ್ದ ವಿಟೆಬ್ಸ್ಕ್ ನಿಲ್ದಾಣಕ್ಕೆ ಅವತ್ತು ಶನಿವಾರದ ರಜೆ.

ಇಲ್ಲಿ ಅಮಾವಾಸ್ಯೆ ದಿನ ಬಾಗಿಲು ಬಂದ್. ಕ್ಯಾಲೆಂಡರ್ ನೋಡಿಕೊಂಡು ಹೊರಡಿ.